ದೃಶ್ಯ ಮುಂದೆ, ಧ್ವನಿ ಹಿಂದೆ: ದೊಡ್ಡ ವಿಡಿಯೊ ಕಡತಗಳನ್ನು ಕತ್ತರಿಸುವ ಮತ್ತು ಪರಿವರ್ತಿಸುವ ಬಗೆ

ಬಿದರಿ ಕೆಲಸವನ್ನು ಕಣ್ಣಿನಿಂದ ಮಾತ್ರವಲ್ಲ, ಕಿವಿಯಿಂದಲೂ ಗುರುತಿಸಬಹುದು. ಸತುವಿಗೆ ಅಲ್ಪ ಪ್ರಮಾಣದ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಕುಶಲಕರ್ಮಿಯು ಉಳಿಯಿಂದ ಚಿತ್ತಾರ ಕೊರೆಯುತ್ತಾನೆ. ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನಿಟ್ಟು ಸುತ್ತಿಗೆಯಿಂದ ತಟ್ಟಿ ಕೂಡಿಸುತ್ತಾನೆ. ಕೊನೆಯಲ್ಲಿ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಿಂದ ಪಾತ್ರೆಗೆ ಕಪ್ಪು ಬಣ್ಣ ಬರಿಸುತ್ತಾನೆ. ಸುತ್ತಿಗೆಯ ಆ ಸಣ್ಣ ಪೆಟ್ಟಿನ ಸದ್ದೇ ಇದು ಕೈಕೆಲಸವೆಂಬುದಕ್ಕೆ ಸಾಕ್ಷಿ.

ಬೀದರ ನಗರದ ವ್ಯಾಪಾರಿಯೊಬ್ಬರು ಪರಸ್ಥಳದ ಖರೀದಿದಾರರಿಗೆ ಈ ಕೆಲಸವನ್ನು ತೋರಿಸಬಯಸಿ ಒಂದು ಗಂಟೆಯ ಚಿತ್ರೀಕರಣ ಮಾಡಿಸಿದರು. ಖರೀದಿದಾರರು ಕೇಳಿದ್ದು ಮೊಬೈಲನ್ನು ನೇರವಾಗಿ ಹಿಡಿದು ನೋಡಬಹುದಾದ ಎರಡು ನಿಮಿಷದ ತುಣುಕು. ಚಿತ್ರದ ಎರಡೂ ಬದಿಗಳನ್ನು ಕತ್ತರಿಸಿ, ಬೆಳ್ಳಿ ಕೂಡಿಸುವ ಕೊನೆಯ ಭಾಗವನ್ನು ಆರಿಸಿ ಕಳುಹಿಸಲಾಯಿತು. ಬಂದ ಉತ್ತರ ಅನಿರೀಕ್ಷಿತವಾಗಿತ್ತು: ಸುತ್ತಿಗೆ ಬಿದ್ದ ಮೂರು ಸೆಕೆಂಡುಗಳ ನಂತರ ಸದ್ದು ಕೇಳಿಸುತ್ತಿದೆ; ಇದು ನಿಮ್ಮಲ್ಲಿಯೇ ನಡೆದ ಕೆಲಸವೆ, ಅಥವಾ ಬೇರೆಡೆಯ ಸದ್ದನ್ನು ಕೂಡಿಸಿದ್ದೆ? ಕೈಕೆಲಸವೆಂದು ನಂಬಿಸಿ ಯಂತ್ರದ ಸರಕು ಮಾರುವವರಿರುವ ಮಾರುಕಟ್ಟೆಯಲ್ಲಿ ಇಂತಹ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಸರಕಿನಲ್ಲಿ ದೋಷವಿರಲಿಲ್ಲ, ಚಿತ್ರೀಕರಣದಲ್ಲಿಯೂ ದೋಷವಿರಲಿಲ್ಲ. ದೋಷವಿದ್ದದ್ದು ಕಡತವನ್ನು ಪರಿವರ್ತಿಸಿದ ರೀತಿಯಲ್ಲಿ. ಆದರೂ ಬೇಡಿಕೆ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು.

ಇಂದು ನಮ್ಮ ಸದಸ್ಯರಲ್ಲಿ ಅನೇಕರು ಯಂತ್ರದ ಚಾಲನೆ, ಸರಕಿನ ಗುಣಮಟ್ಟ, ಗೋದಾಮಿನ ವ್ಯವಸ್ಥೆ ಇವೆಲ್ಲವನ್ನೂ ವಿಡಿಯೊ ಮೂಲಕವೇ ತೋರಿಸುತ್ತಿದ್ದಾರೆ. ಆದ್ದರಿಂದ ದೊಡ್ಡ ಕಡತಗಳನ್ನು ಧ್ವನಿ ತಪ್ಪದಂತೆ ಕತ್ತರಿಸುವ ಮತ್ತು ಪರಿವರ್ತಿಸುವ ವಿಧಾನವನ್ನು ವ್ಯಾಪಾರಿಯ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ. ಕೆಲಸವನ್ನು ತಾವೇ ಮಾಡಿಕೊಳ್ಳಲಿ, ಸ್ಟುಡಿಯೊದವರಿಂದ ಮಾಡಿಸಲಿ, ಇದರ ಮೂಲ ತತ್ವ ತಿಳಿದಿದ್ದರೆ ಹಣವೂ ಸಮಯವೂ ಉಳಿಯುತ್ತವೆ.

ಕಡತವೆಂಬುದು ಒಂದು ಪೆಟ್ಟಿಗೆ

ವಿಡಿಯೊ ಕಡತವೆಂದರೆ ಒಂದೇ ವಸ್ತುವೆಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅದೊಂದು ಪೆಟ್ಟಿಗೆ. ಅದರೊಳಗೆ ದೃಶ್ಯದ ಒಂದು ಹರಿವು ಹಾಗೂ ಧ್ವನಿಯ ಒಂದು ಹರಿವು ಪ್ರತ್ಯೇಕವಾಗಿರುತ್ತವೆ. ಎಂಪಿ4, ಎಂಕೆವಿ, ಎವಿಐ, ಎಂಒವಿ ಎಂಬ ಹೆಸರುಗಳು ಪೆಟ್ಟಿಗೆಯ ಹೆಸರುಗಳೇ ಹೊರತು ಒಳಗಿನ ಸರಕಿನ ಹೆಸರುಗಳಲ್ಲ. ಒಳಗಿನ ದೃಶ್ಯವನ್ನು ಅಡಕಗೊಳಿಸುವ ಪದ್ಧತಿಗೆ ಕೊಡೆಕ್ ಎಂದು ಹೆಸರು. 2003ರಲ್ಲಿ ಬಂದ ಎಚ್.264 ಇಂದಿಗೂ ಬಹುತೇಕ ಎಲ್ಲ ಉಪಕರಣಗಳಲ್ಲಿ ನಡೆಯುತ್ತದೆ. 2013ರಲ್ಲಿ ಬಂದ ಎಚ್.265 ಅದಕ್ಕಿಂತ ಕಡಿಮೆ ಜಾಗದಲ್ಲಿ ಅಷ್ಟೇ ಗುಣಮಟ್ಟ ಕೊಡುತ್ತದೆ, ಆದರೆ ಹಳೆಯ ಕಂಪ್ಯೂಟರುಗಳಲ್ಲಿ ತಡವರಿಸುತ್ತದೆ. ಧ್ವನಿಗೆ ಸಾಮಾನ್ಯವಾಗಿ ಎಎಸಿ ಎಂಬ ಪದ್ಧತಿ ಬಳಕೆಯಲ್ಲಿದೆ.

ಪೆಟ್ಟಿಗೆಯೊಳಗಿನ ಪ್ರತಿಯೊಂದು ಚಿತ್ರಕ್ಕೂ, ಧ್ವನಿಯ ಪ್ರತಿಯೊಂದು ಕಂತಿಗೂ ಒಂದು ಸಮಯದ ಮುದ್ರೆ ಇರುತ್ತದೆ: ಇದನ್ನು ಇಷ್ಟನೆಯ ಕ್ಷಣದಲ್ಲಿ ತೋರಿಸತಕ್ಕದ್ದು, ಕೇಳಿಸತಕ್ಕದ್ದು ಎಂದು. ದೃಶ್ಯ ಮತ್ತು ಧ್ವನಿ ಕೂಡಿ ನಡೆಯುವುದು ಈ ಮುದ್ರೆಗಳ ಬಲದಿಂದ ಮಾತ್ರ. ಮುದ್ರೆ ಉಳಿದರೆ ಹೊಂದಾಣಿಕೆ ಉಳಿಯುತ್ತದೆ. ಮುದ್ರೆ ಅಳಿದರೆ ಅಥವಾ ಬದಲಾದರೆ ಹೊಂದಾಣಿಕೆ ಕೆಡುತ್ತದೆ. ಈ ಲೇಖನದ ಸಾರವೆಲ್ಲ ಇಷ್ಟೇ.

ಗಾತ್ರದ ಲೆಕ್ಕ

ಕಡತದ ಗಾತ್ರವನ್ನು ನಿರ್ಧರಿಸುವುದು ಬಿಟ್ ದರ, ಅಂದರೆ ಪ್ರತಿ ಸೆಕೆಂಡಿಗೆ ಎಷ್ಟು ಮೆಗಾಬಿಟ್ ದತ್ತಾಂಶ ಬಳಕೆಯಾಗುತ್ತದೆ ಎಂಬುದು. ಮೆಗಾಬಿಟ್ ದರವನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಮೆಗಾಬೈಟಿನಲ್ಲಿ ಗಾತ್ರ ದೊರೆಯುತ್ತದೆ. 50 ಮೆಗಾಬಿಟ್ ದರದ 4ಕೆ ಚಿತ್ರೀಕರಣ ಒಂದು ಗಂಟೆಗೆ 22.5 ಗಿಗಾಬೈಟ್ ಆಗುತ್ತದೆ. ಅದರಿಂದಲೇ ತೆಗೆದ ಎರಡು ನಿಮಿಷದ ತುಣುಕನ್ನು 5 ಮೆಗಾಬಿಟ್ ದರದಲ್ಲಿ ಪರಿವರ್ತಿಸಿದರೆ ಅದು 75 ಮೆಗಾಬೈಟ್ ಮಾತ್ರ. ಧ್ವನಿಯ ಪಾಲು ಇದರಲ್ಲಿ ಅತ್ಯಲ್ಪ: 128 ಕಿಲೊಬಿಟ್ ದರದ ಎಎಸಿ ಧ್ವನಿ ಇಡೀ ಗಂಟೆಗೆ ಸುಮಾರು 58 ಮೆಗಾಬೈಟ್. ಆದುದರಿಂದ ಗಾತ್ರ ಇಳಿಸುವ ನೆಪದಲ್ಲಿ ಧ್ವನಿಯ ಗುಣಮಟ್ಟವನ್ನು ಕುಗ್ಗಿಸುವುದು ಹೇರಿನಿಂದ ಹಿಡಿ ಕಾಳು ತೆಗೆದು ಭಾರ ಇಳಿಸಿದೆನೆಂದಂತೆ. ಯಂತ್ರ ಮಾರುವವರಿಗಂತೂ ಇದು ನಷ್ಟದ ಮಾತು. ಬೇಳೆ ಒಡೆಯುವ ಯಂತ್ರವನ್ನು ಕೊಳ್ಳುವ ಅನುಭವಿ ಗಿರಾಕಿ ಬೇರಿಂಗಿನ ಸದ್ದನ್ನೇ ಮೊದಲು ಕೇಳುತ್ತಾನೆ.

ಮೂರು ಕೆಲಸ, ಮೂರು ಸ್ವಭಾವ

ಕತ್ತರಿಸುವುದು ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಕೆಲಸಗಳನ್ನು ಸೇರಿಸುತ್ತೇವೆ. ಇವುಗಳ ವ್ಯತ್ಯಾಸ ತಿಳಿದಿರುವುದು ಅವಶ್ಯ.

ಮೊದಲನೆಯದು ಟ್ರಿಮ್ಮಿಂಗ್, ಅಂದರೆ ಕಾಲದಲ್ಲಿ ಕತ್ತರಿಸುವುದು. ಒಂದು ಗಂಟೆಯ ಚಿತ್ರದಿಂದ 50ನೆಯ ನಿಮಿಷದಿಂದ 52ನೆಯ ನಿಮಿಷದವರೆಗಿನ ಭಾಗವನ್ನು ತೆಗೆಯುವುದು ಇದಕ್ಕೆ ಉದಾಹರಣೆ. ಇದಕ್ಕೆ ದೃಶ್ಯವನ್ನು ಹೊಸದಾಗಿ ಅಡಕಗೊಳಿಸುವ ಅಗತ್ಯವಿಲ್ಲ. ಇದ್ದುದನ್ನು ಇದ್ದಂತೆಯೇ ನಕಲು ಮಾಡಬಹುದು. ಗುಣಮಟ್ಟ ಎಳ್ಳಷ್ಟೂ ಕುಗ್ಗುವುದಿಲ್ಲ, ಕೆಲಸವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆದರೆ ಒಂದು ನಿರ್ಬಂಧವಿದೆ. ಅಡಕಗೊಳಿಸಿದ ವಿಡಿಯೊದಲ್ಲಿ ಎಲ್ಲ ಚಿತ್ರಗಳೂ ಪೂರ್ಣವಾಗಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವಿದ್ದು, ಉಳಿದವು ಅದಕ್ಕೆ ಹೋಲಿಸಿ ಆದ ಬದಲಾವಣೆಗಳನ್ನು ಮಾತ್ರ ದಾಖಲಿಸುತ್ತವೆ. ಆ ಪೂರ್ಣ ಚಿತ್ರಕ್ಕೆ ಕೀಫ್ರೇಮ್ ಎಂದು ಹೆಸರು. ನಕಲು ವಿಧಾನದಲ್ಲಿ ಕೀಫ್ರೇಮ್ ಇರುವಲ್ಲಿಂದಲೇ ಆರಂಭಿಸಬೇಕು. ಅದನ್ನು ಮೀರಿ ನಡುವೆ ಕತ್ತರಿಸಿದರೆ ಧ್ವನಿ ಹೇಳಿದ ಕ್ಷಣಕ್ಕೆ ಆರಂಭವಾಗಿ, ದೃಶ್ಯ ಮಾತ್ರ ಒಂದೆರಡು ಸೆಕೆಂಡು ನಿಂತುಬಿಡುತ್ತದೆ ಅಥವಾ ಕಪ್ಪಾಗಿರುತ್ತದೆ.

ಎರಡನೆಯದು ಕ್ರಾಪಿಂಗ್, ಅಂದರೆ ಸ್ಥಳದಲ್ಲಿ ಕತ್ತರಿಸುವುದು. ಚಿತ್ರದ ಅಂಚುಗಳನ್ನು ತೆಗೆದು ಬೇಕಾದ ಭಾಗವನ್ನು ಮಾತ್ರ ಉಳಿಸುವ ಕೆಲಸ ಇದು. ಇಲ್ಲಿ ಪ್ರತಿಯೊಂದು ಚಿತ್ರವೂ ಬದಲಾಗುವುದರಿಂದ ದೃಶ್ಯವನ್ನು ಹೊಸದಾಗಿ ಅಡಕಗೊಳಿಸದೆ ಗತ್ಯಂತರವಿಲ್ಲ. ಧ್ವನಿಯನ್ನು ಮಾತ್ರ ಇದ್ದಂತೆಯೇ ನಕಲು ಮಾಡಬಹುದು.

ಮೂರನೆಯದು ಪರಿವರ್ತನೆ. ಇದರಲ್ಲಿಯೂ ಎರಡು ಬಗೆ. ಒಳಗಿನ ಸರಕನ್ನು ಮುಟ್ಟದೆ ಪೆಟ್ಟಿಗೆಯನ್ನಷ್ಟೇ ಬದಲಾಯಿಸುವುದು ಒಂದು. ಒಳಗಿನ ಸರಕನ್ನೇ ಬೇರೆ ಪದ್ಧತಿಗೆ ಅಡಕಗೊಳಿಸುವುದು ಇನ್ನೊಂದು. ಎಂಕೆವಿ ಕಡತವೊಂದು ಟಿವಿಯಲ್ಲಿ ನಡೆಯದಿದ್ದರೆ, ಒಳಗೆ ಎಚ್.264 ಮತ್ತು ಎಎಸಿ ಇದ್ದ ಪಕ್ಷದಲ್ಲಿ, ಪೆಟ್ಟಿಗೆಯನ್ನು ಎಂಪಿ4ಕ್ಕೆ ಬದಲಿಸಿದರೆ ಸಾಕು. ಒಂದು ನಿಮಿಷದ ಕೆಲಸಕ್ಕೆ ಗಂಟೆಗಟ್ಟಲೆ ಕಂಪ್ಯೂಟರ್ ಓಡಿಸಿ ಗುಣಮಟ್ಟವನ್ನೂ ಕಳೆದುಕೊಳ್ಳುವವರು ಕಡಿಮೆಯಿಲ್ಲ.

ಪ್ರತಿ ಸಲ ಹೊಸದಾಗಿ ಅಡಕಗೊಳಿಸಿದಾಗಲೂ ಗುಣಮಟ್ಟ ಸ್ವಲ್ಪ ಇಳಿಯುತ್ತದೆ. ಆದ್ದರಿಂದ ಟ್ರಿಮ್ಮಿಂಗ್, ಕ್ರಾಪಿಂಗ್, ಗಾತ್ರ ಬದಲಾವಣೆ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮಾಡಿ ಮುಗಿಸುವುದು ಉತ್ತಮ.

ಅಂಚು ಕತ್ತರಿಸುವ ಅಳತೆ

ಅಗಲವಾದ ಚಿತ್ರದ ಪ್ರಮಾಣ ಸಾಮಾನ್ಯವಾಗಿ 16ಕ್ಕೆ 9. ಮೊಬೈಲನ್ನು ನೇರವಾಗಿ ಹಿಡಿದು ನೋಡುವ ಚಿತ್ರದ ಪ್ರಮಾಣ 9ಕ್ಕೆ 16. ಅಗಲ 1920, ಎತ್ತರ 1080 ಬಿಂದುಗಳಿರುವ ಪೂರ್ಣ ಎಚ್‌ಡಿ ಚಿತ್ರದಿಂದ ನೇರ ಚಿತ್ರವನ್ನು ಕತ್ತರಿಸಿದರೆ ಅಗಲದಲ್ಲಿ ಉಳಿಯುವುದು ಸುಮಾರು 608 ಬಿಂದುಗಳು ಮಾತ್ರ. ಅದನ್ನು 1080 ಅಗಲಕ್ಕೆ ಹಿಗ್ಗಿಸಿದಾಗ ಬೆಳ್ಳಿಯ ಸಣ್ಣ ಎಳೆಗಳು ಮಬ್ಬಾಗುತ್ತವೆ. ಅದೇ 3840ಕ್ಕೆ 2160 ಅಳತೆಯ 4ಕೆ ಚಿತ್ರವಾಗಿದ್ದರೆ 1216 ಬಿಂದುಗಳ ಅಗಲ ಉಳಿಯುತ್ತದೆ. ಹಿಗ್ಗಿಸುವ ಪ್ರಮೇಯವೇ ಬಾರದು. ನೇರ ತುಣುಕು ಬೇಕಾಗಬಹುದೆಂಬ ಸಂಭವವಿದ್ದರೆ ಚಿತ್ರೀಕರಣವನ್ನು 4ಕೆಯಲ್ಲಿಯೇ ಮಾಡಿಸುವುದು ಲೇಸು.

ಅಳತೆಗಳನ್ನು ಸಮಸಂಖ್ಯೆಯಲ್ಲಿಯೇ ಇಡಬೇಕು. ಸಾಮಾನ್ಯ ಬಳಕೆಯ ವಿಡಿಯೊದಲ್ಲಿ ಬಣ್ಣದ ಮಾಹಿತಿಯನ್ನು ಅಗಲದಲ್ಲಿ ಎರಡು, ಎತ್ತರದಲ್ಲಿ ಎರಡು ಬಿಂದುಗಳಿಗೆ ಸೇರಿಸಿ ಒಮ್ಮೆ ದಾಖಲಿಸುವುದರಿಂದ ಬೆಸಸಂಖ್ಯೆಯ ಅಳತೆಯನ್ನು ಅನೇಕ ತಂತ್ರಾಂಶಗಳು ತಿರಸ್ಕರಿಸುತ್ತವೆ. ಕರಾರುವಾಕ್ಕಾದ ಲೆಕ್ಕದಲ್ಲಿ 1215 ಬರುವಲ್ಲಿ 1216 ಎಂದು ಇಟ್ಟುಕೊಂಡದ್ದು ಇದೇ ಕಾರಣಕ್ಕೆ. ಕುಶಲಕರ್ಮಿಯ ಕೈ ಚಿತ್ರದ ನಟ್ಟನಡುವೆ ಇಲ್ಲದಿದ್ದರೆ ಎರಡೂ ಬದಿ ಸಮನಾಗಿ ಕತ್ತರಿಸಬಾರದು. ಎಡಕ್ಕೆ 600, ಬಲಕ್ಕೆ 2024 ಬಿಂದುಗಳನ್ನು ತೆಗೆದರೂ ಉಳಿಯುವುದು ಅದೇ 1216. ಕತ್ತರಿಸುವ ಮುನ್ನ ಚಿತ್ರವನ್ನು ಆರಂಭದಿಂದ ಕೊನೆಯವರೆಗೆ ಓಡಿಸಿ, ಕೈ ಎಲ್ಲಿಯೂ ಚೌಕಟ್ಟಿನ ಹೊರಗೆ ಹೋಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಧ್ವನಿ ತಪ್ಪುವುದಕ್ಕೆ ನಾಲ್ಕು ಕಾರಣಗಳು

1. ಫ್ರೇಮ್ ದರದ ತಪ್ಪು ಎಣಿಕೆ. ಭಾರತದ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಅಮೆರಿಕದ ಪದ್ಧತಿಯಲ್ಲಿ 30 ಎಂದು ಬಾಯಿಮಾತಿನಲ್ಲಿ ಹೇಳಿದರೂ ನಿಜವಾದ ದರ 29.97. ಅನೇಕ ಕ್ಯಾಮೆರಾಗಳು ಈ ದರದಲ್ಲಿ ಚಿತ್ರೀಕರಿಸುತ್ತವೆ. ಒಂದು ಗಂಟೆಯ ಚಿತ್ರದಲ್ಲಿ 29.97 ದರದಂತೆ 1,07,892 ಚಿತ್ರಗಳಿರುತ್ತವೆ. ಧ್ವನಿಯನ್ನು ಬೇರ್ಪಡಿಸಿ, ಈ ಚಿತ್ರಗಳನ್ನು 30ರ ದರದಲ್ಲಿ ಓಡಿಸಿದರೆ ಅವು 3,596.4 ಸೆಕೆಂಡುಗಳಲ್ಲಿಯೇ ಮುಗಿಯುತ್ತವೆ. ಧ್ವನಿ ಮಾತ್ರ 3,600 ಸೆಕೆಂಡು ನಡೆಯುತ್ತದೆ. ಗಂಟೆಯ ಕೊನೆಗೆ ಧ್ವನಿ 3.6 ಸೆಕೆಂಡು ಹಿಂದೆ ಬೀಳುತ್ತದೆ. 50ನೆಯ ನಿಮಿಷದಲ್ಲಿ ಕರಾರುವಾಕ್ಕಾಗಿ 3 ಸೆಕೆಂಡು. ಆರಂಭದಲ್ಲಿ ಹೇಳಿದ ಬಿದರಿ ತುಣುಕಿನಲ್ಲಿ ನಡೆದದ್ದು ಇದೇ. ಚಿತ್ರವನ್ನು ಧ್ವನಿಯಿಲ್ಲದೆ ಕ್ರಾಪ್ ಮಾಡಿ, ದರವನ್ನು 30 ಎಂದು ನಮೂದಿಸಿ, ಮೂಲ ಧ್ವನಿಯನ್ನು ಆಮೇಲೆ ಅಂಟಿಸಲಾಗಿತ್ತು. ಮೊದಲ ಐದಾರು ಸೆಕೆಂಡು ಮಾತ್ರ ನೋಡಿ ಎಲ್ಲ ಸರಿಯಾಗಿದೆ ಎಂದು ತೀರ್ಮಾನಿಸಿದ್ದರಿಂದ ತಪ್ಪು ಕಣ್ಣಿಗೆ ಬೀಳಲಿಲ್ಲ.

2. ಮೊಬೈಲಿನ ಬದಲಾಗುವ ದರ. ಮೊಬೈಲಿನ ಕ್ಯಾಮೆರಾ ಬೆಳಕು ಕಡಿಮೆಯಾದಾಗ ಅಥವಾ ಸಾಧನ ಬಿಸಿಯಾದಾಗ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ತಾನಾಗಿಯೇ ಏರಿಳಿಸುತ್ತದೆ. ಸಮಯದ ಮುದ್ರೆಗಳು ಸರಿಯಾಗಿರುವುದರಿಂದ ಮೊಬೈಲಿನಲ್ಲಿ ನೋಡುವಾಗ ಯಾವ ದೋಷವೂ ಕಾಣದು. ಆದರೆ ಮುದ್ರೆಗಳನ್ನು ಗಮನಿಸದೆ ಚಿತ್ರಗಳನ್ನು ಬರಿದೇ ಎಣಿಸುವ ತಂತ್ರಾಂಶಕ್ಕೆ ಕೊಟ್ಟಾಗ ಧ್ವನಿ ಒಮ್ಮೆ ಹಿಂದೆ, ಒಮ್ಮೆ ಮುಂದೆ ಸರಿಯುತ್ತದೆ. ಮಬ್ಬು ಬೆಳಕಿನ ಕಾರ್ಯಾಗಾರದಲ್ಲಿ ತೆಗೆದ ಚಿತ್ರಗಳಿಗೆ ಈ ತೊಂದರೆ ಹೆಚ್ಚು.

3. ತುಂಡುಗಳ ಜೋಡಣೆ. ಫ್ಯಾಟ್32 ಪದ್ಧತಿಯ ಮೆಮೊರಿ ಕಾರ್ಡಿನಲ್ಲಿ ಒಂದು ಕಡತ 4 ಗಿಗಾಬೈಟನ್ನು ತಲುಪುವಂತಿಲ್ಲ. ಆದ್ದರಿಂದ ಅನೇಕ ಕ್ಯಾಮೆರಾಗಳು ದೀರ್ಘ ಚಿತ್ರೀಕರಣವನ್ನು ತುಂಡು ತುಂಡಾಗಿ ಉಳಿಸುತ್ತವೆ. 25ರ ದರದಲ್ಲಿ ಒಂದು ಚಿತ್ರದ ಅವಧಿ 40 ಮಿಲಿಸೆಕೆಂಡು. 48 ಕಿಲೊಹರ್ಟ್ಸ್ ಎಎಸಿ ಧ್ವನಿಯ ಒಂದು ಕಂತಿನ ಅವಧಿ ಸುಮಾರು 21 ಮಿಲಿಸೆಕೆಂಡು. ಹೀಗಾಗಿ ಪ್ರತಿ ತುಂಡಿನ ಕೊನೆಯಲ್ಲಿ ದೃಶ್ಯ ಮತ್ತು ಧ್ವನಿಯ ಉದ್ದದಲ್ಲಿ ಕೊಂಚ ವ್ಯತ್ಯಾಸ ಉಳಿಯುತ್ತದೆ. ದೃಶ್ಯಗಳನ್ನೆಲ್ಲ ಒಂದು ಸಾಲಿನಲ್ಲಿ, ಧ್ವನಿಗಳನ್ನೆಲ್ಲ ಇನ್ನೊಂದು ಸಾಲಿನಲ್ಲಿ ಪ್ರತ್ಯೇಕವಾಗಿ ಜೋಡಿಸಿದರೆ ಈ ವ್ಯತ್ಯಾಸ ಬಡ್ಡಿಯಂತೆ ಸೇರುತ್ತಾ ಹೋಗಿ, ಹತ್ತು ತುಂಡುಗಳಾಗುವ ಹೊತ್ತಿಗೆ ಗಮನಕ್ಕೆ ಬರುವಷ್ಟಾಗಬಹುದು.

4. ಕಳೆದುಹೋದ ಚಿತ್ರಗಳು. ಹಳೆಯ ಟೇಪಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಕಂಪ್ಯೂಟರ್ ನಿಧಾನವಾದರೆ ಕೆಲವು ಚಿತ್ರಗಳು ಬಿಟ್ಟುಹೋಗುತ್ತವೆ. 25 ಚಿತ್ರಗಳು ಬಿಟ್ಟುಹೋದರೆ ದೃಶ್ಯ ಒಂದು ಸೆಕೆಂಡಿನಷ್ಟು ಮುಂದೆ ಹೋದಂತೆ.

ಮೂರು ಪೆಟ್ಟಿನ ಪರೀಕ್ಷೆ

ಮನುಷ್ಯನ ಕಣ್ಣು ಕಿವಿಗಳು ಎಷ್ಟು ವ್ಯತ್ಯಾಸವನ್ನು ಸಹಿಸುತ್ತವೆ ಎಂಬುದಕ್ಕೆ ಮಾಪನವಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ಧ್ವನಿಯು ದೃಶ್ಯಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಿದ್ದರೆ ಅಥವಾ 125 ಮಿಲಿಸೆಕೆಂಡು ಹಿಂದಿದ್ದರೆ ನೋಡುಗರ ಅರಿವಿಗೆ ಬರತೊಡಗುತ್ತದೆ. ಧ್ವನಿ ಹಿಂದೆ ಬೀಳುವುದನ್ನು ನಾವು ಹೆಚ್ಚು ಸಹಿಸುತ್ತೇವೆ; ದೂರದ ಸದ್ದು ತಡವಾಗಿ ಬರುವುದು ನಮಗೆ ರೂಢಿ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ಎತ್ತಿನ ಜೋಡಿಯನ್ನು 34 ಮೀಟರ್ ದೂರದಿಂದ ಚಿತ್ರೀಕರಿಸಿದರೆ ಗೆಜ್ಜೆಯ ಸದ್ದು ಕ್ಯಾಮೆರಾಕ್ಕೆ ತಲುಪುವುದೇ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ. ಅದು ಕಡತದ ದೋಷವಲ್ಲ, ಗಾಳಿಯಲ್ಲಿ ಧ್ವನಿ ಚಲಿಸುವ ವೇಗದ ಫಲ.

ಪರೀಕ್ಷೆಗೆ ಬೆಲೆಬಾಳುವ ಉಪಕರಣ ಬೇಕಿಲ್ಲ. ಚಿತ್ರದಲ್ಲಿ ಪೆಟ್ಟು ಮತ್ತು ಸದ್ದು ಎರಡೂ ಸ್ಪಷ್ಟವಾಗಿರುವ ಮೂರು ಸ್ಥಳಗಳನ್ನು ಗುರುತಿಸಿಕೊಳ್ಳಿ: ಆರಂಭದಲ್ಲೊಂದು, ನಡುವೆ ಒಂದು, ಕೊನೆಯಲ್ಲೊಂದು. ಬಿದರಿ ಕಾರ್ಯಾಗಾರದಲ್ಲಿ ಸುತ್ತಿಗೆಯ ಪೆಟ್ಟು ಸಹಜವಾಗಿಯೇ ದೊರೆಯುತ್ತದೆ. ಬೇರೆಡೆ ಚಿತ್ರೀಕರಣದ ಮೊದಲಿಗೂ ಕೊನೆಗೂ ಕ್ಯಾಮೆರಾದ ಎದುರು ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು.

ಮೂರೂ ಕಡೆ ವ್ಯತ್ಯಾಸ ಒಂದೇ ಪ್ರಮಾಣದಲ್ಲಿದ್ದರೆ ಧ್ವನಿಯನ್ನು ಅಷ್ಟೇ ಹಿಂದೆ ಅಥವಾ ಮುಂದೆ ಸರಿಸಿದರೆ ದೋಷ ನಿವಾರಣೆಯಾಗುತ್ತದೆ. ವ್ಯತ್ಯಾಸ ಒಂದೇ ಸಮನೆ ಬೆಳೆಯುತ್ತಾ ಹೋಗಿದ್ದರೆ ಫ್ರೇಮ್ ದರದ ತಪ್ಪೆಂದು ತಿಳಿಯಬೇಕು. ಆಗ ಧ್ವನಿಯನ್ನು ಸರಿಸುವುದು ವ್ಯರ್ಥ, ಮೂಲ ಕಡತದಿಂದ ಸರಿಯಾದ ದರದಲ್ಲಿ ಮತ್ತೆ ಪರಿವರ್ತಿಸಬೇಕು. ವ್ಯತ್ಯಾಸ ಹಠಾತ್ತಾಗಿ ಒಂದು ಸ್ಥಳದಲ್ಲಿ ಕಾಣಿಸಿಕೊಂಡರೆ ಅಲ್ಲಿ ಜೋಡಣೆಯ ಅಥವಾ ಕಳೆದುಹೋದ ಚಿತ್ರಗಳ ದೋಷವಿದೆ. ಏರಿಳಿಯುತ್ತಿದ್ದರೆ ಬದಲಾಗುವ ದರವೇ ಕಾರಣ.

ಕೆಲಸದ ಕ್ರಮ

ಈ ಕೆಲಸಕ್ಕೆ ಬೇಕಾದ ಉತ್ತಮ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಕಡತದ ಒಳವಿವರ ತಿಳಿಯಲು ಮೀಡಿಯಾಇನ್ಫೊ; ಗುಣಮಟ್ಟ ಕೆಡದಂತೆ ಕಾಲದಲ್ಲಿ ಕತ್ತರಿಸಲು ಲಾಸ್‌ಲೆಸ್‌ಕಟ್; ಕ್ರಾಪಿಂಗ್ ಹಾಗೂ ಪರಿವರ್ತನೆಗೆ ಹ್ಯಾಂಡ್‌ಬ್ರೇಕ್. 2000ದಲ್ಲಿ ಫ್ಯಾಬ್ರಿಸ್ ಬೆಲಾರ್ಡ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಸಾಧನದ ಭಾಗಗಳನ್ನು ಇಂತಹ ಅನೇಕ ತಂತ್ರಾಂಶಗಳು ಒಳಗೊಳಗೆ ಬಳಸುತ್ತವೆ.

ಅ. ಮೊದಲು ಮೂಲ ಕಡತದ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇರಿಸಿ. ಕೆಲಸವೆಲ್ಲ ಇನ್ನೊಂದು ಪ್ರತಿಯ ಮೇಲೆ ನಡೆಯಲಿ.

ಆ. ಮೀಡಿಯಾಇನ್ಫೊದಲ್ಲಿ ಕಡತ ತೆರೆದು ಫ್ರೇಮ್ ದರ, ಅದು ಸ್ಥಿರವೋ ಬದಲಾಗುವುದೋ, ಧ್ವನಿಯ ಮಾದರಿ ದರ 48 ಕಿಲೊಹರ್ಟ್ಸೋ 44.1 ಕಿಲೊಹರ್ಟ್ಸೋ ಎಂಬುದನ್ನು ಬರೆದಿಟ್ಟುಕೊಳ್ಳಿ.

ಇ. ಬಹಳ ದೊಡ್ಡ ಕಡತವಾದರೆ ಲಾಸ್‌ಲೆಸ್‌ಕಟ್ ಮೂಲಕ ಬೇಕಾದ ಭಾಗವನ್ನು ಆಚೀಚೆ ಹತ್ತು ಹದಿನೈದು ಸೆಕೆಂಡು ಹೆಚ್ಚಿಗೆ ಇಟ್ಟುಕೊಂಡು ಪ್ರತ್ಯೇಕಿಸಿ. 22 ಗಿಗಾಬೈಟಿನ ಬದಲು ಒಂದು ಗಿಗಾಬೈಟಿನ ಮೇಲೆ ಕೆಲಸ ಮಾಡಬಹುದು.

ಈ. ಹ್ಯಾಂಡ್‌ಬ್ರೇಕಿನಲ್ಲಿ ಆ ಭಾಗವನ್ನು ತೆರೆದು, ತಾನಾಗಿಯೇ ಅಂಚು ಕತ್ತರಿಸುವ ಆಯ್ಕೆಯನ್ನು ತೆಗೆದುಹಾಕಿ, ನಾಲ್ಕು ಬದಿಯ ಅಳತೆಗಳನ್ನು ಕೈಯಾರೆ ನಮೂದಿಸಿ.

ಉ. ಫ್ರೇಮ್ ದರವನ್ನು ಮೂಲದಲ್ಲಿದ್ದಷ್ಟೇ ಇರಲಿ ಎಂದು ಆರಿಸಿ, ಜೊತೆಗೆ ಸ್ಥಿರ ದರವೆಂಬ ಆಯ್ಕೆಯನ್ನು ಗುರುತಿಸಿ. ಮೊಬೈಲಿನ ಚಿತ್ರೀಕರಣಕ್ಕೆ ಇದು ಅತಿ ಮುಖ್ಯವಾದ ಹೆಜ್ಜೆ. ಬದಲಾಗುವ ದರದ ಚಿತ್ರ ಇಲ್ಲಿ ಸಮಯದ ಮುದ್ರೆಗೆ ಅನುಸಾರವಾಗಿ ಸ್ಥಿರ ದರಕ್ಕೆ ಬರುತ್ತದೆ.

ಊ. ಗುಣಮಟ್ಟದ ಅಂಕಿಯನ್ನು 20 ಮತ್ತು 24ರ ನಡುವೆ ಇಡಿ. ಇಲ್ಲಿ ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಗಾತ್ರವೂ ಏರುತ್ತದೆ.

ಋ. ಧ್ವನಿಯನ್ನು ಬೇರ್ಪಡಿಸಬೇಡಿ. ಮೂಲದಲ್ಲಿ ಎಎಸಿ ಇದ್ದರೆ ಇದ್ದಂತೆಯೇ ನಕಲಾಗಲಿ; ಇಲ್ಲವಾದರೆ 48 ಕಿಲೊಹರ್ಟ್ಸ್ ಎಎಸಿಗೆ ಪರಿವರ್ತಿಸಿ.

ಎ. ಇಡೀ ಕಡತವನ್ನು ಪರಿವರ್ತಿಸುವ ಮುನ್ನ ಕೊನೆಯ ಒಂದು ನಿಮಿಷವನ್ನು ಮಾತ್ರ ಪರಿವರ್ತಿಸಿ ಗುಣಮಟ್ಟ, ಅಂಚುಗಳ ಅಳತೆ ಎರಡನ್ನೂ ಪರಿಶೀಲಿಸಿ. ಇಡೀ ಕೆಲಸ ಮುಗಿದ ನಂತರ ಮೂರು ಪೆಟ್ಟಿನ ಪರೀಕ್ಷೆಯನ್ನು ತಪ್ಪದೆ ನಡೆಸಿ.

ವಿದ್ಯುತ್ತು ಮತ್ತು ಜಾಲದ ಮಿತಿ

ತಾಲ್ಲೂಕು ಕೇಂದ್ರಗಳಲ್ಲಿ ಕೆಲಸ ಮಾಡುವವರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಎಂಪಿ4 ಕಡತದ ಪರಿವಿಡಿ ಸಾಮಾನ್ಯವಾಗಿ ಕೆಲಸ ಪೂರ್ಣವಾದ ಬಳಿಕವೇ ಬರೆಯಲ್ಪಡುತ್ತದೆ. ಪರಿವರ್ತನೆಯ ನಡುವೆ ವಿದ್ಯುತ್ತು ಹೋದರೆ ಅಲ್ಲಿಯವರೆಗೆ ಆದ ಕೆಲಸವೆಲ್ಲ ತೆರೆಯಲಾಗದ ಕಡತವಾಗಿ ಉಳಿಯುತ್ತದೆ. ಎಂಕೆವಿ ಕಡತ ಹಾಗಲ್ಲ; ನಿಂತ ಸ್ಥಳದವರೆಗೆ ಸಾಮಾನ್ಯವಾಗಿ ತೆರೆಯುತ್ತದೆ. ಯುಪಿಎಸ್ ಇಲ್ಲದ ಕಡೆ ಮೊದಲು ಎಂಕೆವಿಗೆ ಪರಿವರ್ತಿಸಿ, ಆಮೇಲೆ ಪೆಟ್ಟಿಗೆಯನ್ನಷ್ಟೇ ಎಂಪಿ4ಕ್ಕೆ ಬದಲಿಸುವುದು ಜಾಣತನ.

ಎರಡನೆಯದು ಕಳುಹಿಸುವ ವೇಗ. ಔರಾದಿನಿಂದ 4 ಗಿಗಾಬೈಟಿನ ಕಡತವನ್ನು ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಕಳುಹಿಸಲು ಸುಮಾರು ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಪೆನ್ ಡ್ರೈವ್ ಹಿಡಿದು ಬಸ್ಸಿನಲ್ಲಿ ಬೀದರಿಗೆ ಹೋಗಿ ಮರಳಿ ಬರಬಹುದು. ಕತ್ತರಿಸಿ ಪರಿವರ್ತಿಸಿದ 75 ಮೆಗಾಬೈಟಿನ ತುಣುಕಾದರೆ ಅದೇ ಸಂಪರ್ಕದಲ್ಲಿ ಐದು ನಿಮಿಷದ ಕೆಲಸ. ವಾಟ್ಸ್ಆ್ಯಪ್ ಮೂಲಕ ಸಾಮಾನ್ಯ ವಿಡಿಯೊ ಆಗಿ ಕಳುಹಿಸಿದರೆ ಅದು ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ಅಡಕಗೊಳಿಸುತ್ತದೆ. ದಾಖಲೆ ರೂಪದಲ್ಲಿ ಕಳುಹಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ದಾಖಲೆಗೆ 2022ರಿಂದ 2 ಗಿಗಾಬೈಟ್‌ವರೆಗೆ ಅವಕಾಶವಿದೆ.

ಹಳೆಯ ಟೇಪುಗಳ ವಿಚಾರ

ನಮ್ಮ ಜಿಲ್ಲೆಯ ಸ್ಟುಡಿಯೊಗಳಿಗೆ ಇಲ್ಲಿ ಒಂದು ಸಣ್ಣ ಉದ್ಯಮದ ಅವಕಾಶವೂ ಇದೆ. ಹಿಂದಿನ ದಶಕಗಳ ಮದುವೆ, ಜಾತ್ರೆ, ಅಂಗಡಿ ಉದ್ಘಾಟನೆಗಳ ವಿಎಚ್‌ಎಸ್ ಮತ್ತು ಮಿನಿಡಿವಿ ಟೇಪುಗಳು ಎಷ್ಟೋ ಮನೆಗಳ ಅಲಮಾರಿನಲ್ಲಿವೆ. ಟೇಪಿನ ಕಾಂತೀಯ ಲೇಪ ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ. ಓಡಿಸುವ ಯಂತ್ರಗಳೂ ಅಪರೂಪವಾಗಿವೆ. ಮಿನಿಡಿವಿ ಟೇಪಿನ ಒಂದು ಗಂಟೆ ಕಂಪ್ಯೂಟರಿನಲ್ಲಿ ಸುಮಾರು 13 ಗಿಗಾಬೈಟ್ ಆಗುತ್ತದೆ.

ವಿಎಚ್‌ಎಸ್ ಚಿತ್ರದ ತಳಭಾಗದಲ್ಲಿ ಹರಿದಂತೆ ಕಾಣುವ ಕೆಲವು ಗೆರೆಗಳಿರುತ್ತವೆ. ಹಳೆಯ ಟಿವಿಯ ಅಂಚು ಅದನ್ನು ಮರೆಮಾಡುತ್ತಿತ್ತು, ಇಂದಿನ ಪರದೆ ಮರೆಮಾಡದು. ಅದನ್ನು ಕ್ರಾಪ್ ಮಾಡಬೇಕು. ಈ ಚಿತ್ರಗಳಲ್ಲಿ ಒಂದೊಂದು ಫ್ರೇಮಿಗೂ ಎರಡು ಅರ್ಧಚಿತ್ರಗಳು ಸಾಲು ಬಿಟ್ಟು ಸಾಲಿನಲ್ಲಿ ಹೆಣೆದಿರುತ್ತವೆ. ಅವನ್ನು ಮೊದಲು ಬಿಡಿಸಿ, ಆ ನಂತರವೇ ಅಳತೆಯನ್ನು ಬದಲಿಸಬೇಕು. ಕ್ರಮ ತಪ್ಪಿದರೆ ಚಲಿಸುವ ವಸ್ತುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. 12 ಬಿಟ್ ಧ್ವನಿಯಲ್ಲಿ ದಾಖಲಾದ ಮಿನಿಡಿವಿ ಟೇಪಿನ ಮಾದರಿ ದರ 32 ಕಿಲೊಹರ್ಟ್ಸ್ ಇರುತ್ತದೆ. ಅದನ್ನು 48 ಎಂದು ಭಾವಿಸಿದರೆ ಧ್ವನಿ ಬೇಗ ಓಡಿ ಕೀರಲಾಗುತ್ತದೆ.

ಕಾಟಾದ ಚಿತ್ರ ಮತ್ತು ಸಾಕ್ಷ್ಯ

ಭಾಲ್ಕಿಯ ಅಡತ್ ಅಂಗಡಿಯೊಂದರಲ್ಲಿ ತೊಗರಿಯ ತೂಕದ ಬಗ್ಗೆ ತಕರಾರು ಬಂದಿದೆ ಎಂದು ಭಾವಿಸೋಣ. ಕಾಟಾದ ಮೇಲಿನ ಸಿಸಿಟಿವಿಯಲ್ಲಿ ಎಲ್ಲವೂ ದಾಖಲಾಗಿದೆ. ತೂಕದ ಅಂಕಿಗಳು ದೊಡ್ಡದಾಗಿ ಕಾಣಲೆಂದು ಅಂಗಡಿಯವರು ಆ ಭಾಗವನ್ನು ಕ್ರಾಪ್ ಮಾಡಿ, ಮೊಬೈಲಿಗೆ ತಕ್ಕಂತೆ ಪರಿವರ್ತಿಸಿ, ಮೂಲವನ್ನು ಅಳಿಸಿಬಿಟ್ಟರೆ ಏನಾಗುತ್ತದೆ? ಎದುರು ಪಕ್ಷದವರು ಇದನ್ನು ತಿದ್ದಲಾಗಿದೆ ಎಂದು ಹೇಳಲು ಅವಕಾಶ ದೊರೆಯುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಕಡತದಲ್ಲಿ ಒಂದು ಬಿಟ್ ಬದಲಾದರೂ ಅದು ಪೂರ್ಣ ಬೇರೆಯಾಗುತ್ತದೆ. ಕ್ರಾಪ್ ಮಾಡಿದ ತುಣುಕಿನ ಬೆರಳಚ್ಚು ಮೂಲದ ಬೆರಳಚ್ಚಿಗೆ ಎಂದಿಗೂ ಹೊಂದದು. ಆದ್ದರಿಂದ ತಕರಾರಿನ ಸೂಚನೆ ಬಂದ ಕೂಡಲೇ ರೆಕಾರ್ಡರಿನ ಮೂಲ ರೂಪದಲ್ಲಿಯೇ ಕಡತವನ್ನು ಹೊರತೆಗೆದು, ಹ್ಯಾಶ್ ಬರೆದಿಟ್ಟು, ಬೇರೆ ಡಿಸ್ಕಿನಲ್ಲಿ ಭದ್ರಪಡಿಸಬೇಕು. ರೆಕಾರ್ಡರ್ ತುಂಬಿದಂತೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುವುದರಿಂದ ಇದರಲ್ಲಿ ವಿಳಂಬ ಸಲ್ಲದು. ತೋರಿಸಲು ಬೇಕಾದ ತುಣುಕನ್ನು ಪ್ರತಿಯಿಂದ ಮಾಡಿಕೊಳ್ಳಲಿ.

ಸ್ಟುಡಿಯೊದೊಂದಿಗೆ ಕರಾರು

ಕೆಲಸವನ್ನು ಹೊರಗೆ ಕೊಡುವವರು ಬಾಯಿಮಾತಿಗೆ ತೃಪ್ತರಾಗದೆ ನಾಲ್ಕು ಸಾಲಿನ ಬರಹ ಮಾಡಿಕೊಳ್ಳುವುದು ಉಭಯತರಿಗೂ ಕ್ಷೇಮ. ಚಿತ್ರೀಕರಣದ ಅಳತೆ ಮತ್ತು ಸ್ಥಿರ ಫ್ರೇಮ್ ದರ, ಧ್ವನಿಯ ಮಾದರಿ ದರ 48 ಕಿಲೊಹರ್ಟ್ಸ್, ಅಂತಿಮ ತುಣುಕಿನ ಪ್ರಮಾಣ ಮತ್ತು ಪೆಟ್ಟಿಗೆ, ಮೂಲ ಕಡತಗಳ ಹಸ್ತಾಂತರ ಇವು ಆ ನಾಲ್ಕು ಸಾಲುಗಳು. ಕೃತಿಸ್ವಾಮ್ಯ ಅಧಿನಿಯಮ, 1957ರ 17ನೆಯ ಕಲಮಿನಂತೆ, ವಿರುದ್ಧವಾದ ಕರಾರು ಇಲ್ಲದ ಪಕ್ಷದಲ್ಲಿ, ಹಣ ಕೊಟ್ಟು ಮಾಡಿಸಿಕೊಂಡ ಚಿತ್ರದ ಮೊದಲ ಸ್ವಾಮ್ಯ ಮಾಡಿಸಿಕೊಂಡವರದು. ಆದರೂ ಮೂಲ ಕಡತಗಳು ನಿಮ್ಮ ಕೈಗೆ ಬರಬೇಕೆಂಬುದನ್ನು ಬರೆದಿಟ್ಟುಕೊಂಡರೆ ಮುಂದೆ ಮಾತು ಬೆಳೆಯುವುದಿಲ್ಲ. ಆ ಬಿದರಿ ವ್ಯಾಪಾರಿಯ ಕೈಯಲ್ಲಿ ಮೂಲ ಕಡತವಿದ್ದುದರಿಂದಲೇ ಅವರು 29.97ರ ದರದಲ್ಲಿ ತುಣುಕನ್ನು ಮತ್ತೊಮ್ಮೆ ತಯಾರಿಸಿ ಕಳುಹಿಸಲು ಸಾಧ್ಯವಾಯಿತು. ಎರಡನೆಯ ಸಲ ಸುತ್ತಿಗೆ ಬಿದ್ದ ಕ್ಷಣಕ್ಕೇ ಸದ್ದು ಕೇಳಿಸಿತು. ಖರೀದಿದಾರರಿಂದ ಆ ಪ್ರಶ್ನೆ ಮತ್ತೆ ಬರಲಿಲ್ಲ.

ತಕ್ಕಡಿಯ ಮುಳ್ಳು ಸರಿಯಿದೆಯೆಂದು ಪ್ರತಿದಿನ ಬೆಳಿಗ್ಗೆ ನೋಡಿಕೊಂಡೇ ವ್ಯಾಪಾರ ಆರಂಭಿಸುವುದು ನಮ್ಮ ಹಿರಿಯರ ಪದ್ಧತಿ. ಗಿರಾಕಿಗೆ ಕಳುಹಿಸುವ ವಿಡಿಯೊವನ್ನೂ ಆದಿಯಿಂದ ಅಂತ್ಯದವರೆಗೆ ಒಮ್ಮೆ ನೋಡಿ, ಮೂರು ಕಡೆ ಕಿವಿಗೊಟ್ಟು ಕೇಳಿ, ಆ ನಂತರವೇ ಕಳುಹಿಸುವುದನ್ನು ಸದಸ್ಯರು ರೂಢಿ ಮಾಡಿಕೊಳ್ಳಬೇಕೆಂದು ವಿನಂತಿ.